ಹಸಿರುಮನೆಯ ಬಿಸಿ ಮತ್ತು ಜಾನ್ ಟಿಂಡಲ್

ಅಡಿಕೆ ಒಣಗಿಸುವ ದಿನಗಳಲ್ಲಿ ಕಾರ್ಕಳದಿಂದ ಬಜಗೋಳಿ ಕಡೆಗೆ ಹೋಗುತ್ತಾ ಮನೆಗಳ ಅಂಗಳ ನೋಡಿ. ಕೆಲವು ಕಡೆ ಅಡಿಕೆಯನ್ನು ಬರೀ ಬಿಸಿಲಿಗೆ ಹರವಿರುತ್ತಾರೆ. ಕೆಲವು ಕಡೆ ಪೈಪಿನ ಚೌಕಟ್ಟಿಗೆ ಪಾರದರ್ಶಕ ಪ್ಲಾಸ್ಟಿಕ್ ಹೊದೆಸಿದ ಗೂಡು ಉಂಟು, ಅಡಿಕೆ ಅದರೊಳಗೆ. ಅಕಾಲದಲ್ಲಿ ಮಳೆ ಹನಿದರೂ ಹೆದರಿಕೆ ಇಲ್ಲ, ಬಿಸಿಯೂ ಹೊರಗಿಗಿಂತ ಜಾಸ್ತಿ. ಮಧ್ಯಾಹ್ನ ಒಳಗೆ ಹೊಕ್ಕು ಅಡಿಕೆ ಮಗುಚುವವರ ಅಂಗಿ ಎರಡೇ ನಿಮಿಷದಲ್ಲಿ ಒದ್ದೆ.

ಈ ಬಿಸಿ ಎಲ್ಲಿಂದ ಬಂತು ಅಂತ ಎಂಜಿನಿಯರಿಂಗ್ ಓದುವ ಯಾರನ್ನು ಬೇಕಾದರೂ ಕೇಳಿ, ಉತ್ತರ ರೆಡಿ ಇರುತ್ತದೆ: ಬೆಳಕು ಒಳಗೆ ಬರುತ್ತದೆ, ಶಾಖ ಹೊರಗೆ ಹೋಗಲು ಪ್ಲಾಸ್ಟಿಕ್ ಬಿಡುವುದಿಲ್ಲ, ಭೂಮಿಯೂ ಹೀಗೇ, ಇದೇ ಹಸಿರುಮನೆ ಪರಿಣಾಮ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಉತ್ತರ ಪ್ಲಾಸ್ಟಿಕ್ ಗೂಡಿಗೆ ಅಷ್ಟಾಗಿ ಹೊಂದುವುದಿಲ್ಲ. ಗಾಜಿನ ಮನೆಗೆ ಸ್ವಲ್ಪ ಹೊಂದುತ್ತದೆ. ಭೂಮಿಗೆ ಪೂರ್ತಿ ಹೊಂದುತ್ತದೆ, ಆದರೆ ಅಲ್ಲಿ ಗಾಜೂ ಇಲ್ಲ, ಪ್ಲಾಸ್ಟಿಕ್ಕೂ ಇಲ್ಲ. ಇವುಗಳನ್ನು ಒಂದರಿಂದೊಂದು ಬಿಡಿಸಿ ನೋಡಬೇಕಾದರೆ, ಯಾವ ವಸ್ತು ಯಾವ ಕಿರಣವನ್ನು ಬಿಡುತ್ತದೆ, ಯಾವುದನ್ನು ತಡೆಯುತ್ತದೆ ಅಂತ ಯಾರಾದರೂ ಕೂತು ಅಳೆಯಬೇಕಿತ್ತು. ಗಾಳಿಯ ವಿಷಯದಲ್ಲಿ ಹಾಗೆ ಕೂತು ಅಳೆದವರು ಜಾನ್ ಟಿಂಡಲ್. ಈ ಸಲ ನಮ್ಮ ಬಳಗದಿಂದ ಅವರ ಕಥೆ.

ಟಿಂಡಲ್ ಹುಟ್ಟಿದ್ದು 1820ರ ಆಗಸ್ಟ್ 2ರಂದು, ಐರ್ಲೆಂಡಿನ ಕಾರ್ಲೋ ಪ್ರಾಂತ್ಯದ ಲೇಲಿನ್‌ಬ್ರಿಜ್ ಎಂಬ ಸಣ್ಣ ಊರಲ್ಲಿ. ತಂದೆ ಪೊಲೀಸ್ ಕಾನ್‌ಸ್ಟೇಬಲ್. ದುಡ್ಡಿಲ್ಲದ ಮನೆ, ಆದರೆ ಓದಿನ ಮೇಲೆ ಆಸೆ ಇದ್ದ ಮನೆ. ಊರ ಶಾಲೆಯಲ್ಲಿ ಗಣಿತ ಚೆನ್ನಾಗಿ ಕಲಿಸುವ ಮೇಷ್ಟ್ರು ಸಿಕ್ಕಿದ್ದರು. ಹತ್ತೊಂಬತ್ತು ತುಂಬುವ ಮೊದಲೇ, 1839ರಲ್ಲಿ, ಸರ್ಕಾರಿ ಸರ್ವೆಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿತು. 1842ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ನಿಗೆ ವರ್ಗ ಆಯಿತು. ಅಲ್ಲಿ ಸಂಬಳ ಕಡಿಮೆ, ಐರಿಷ್ ನೌಕರರನ್ನು ನಡೆಸಿಕೊಳ್ಳುವ ರೀತಿಯೂ ಸರಿ ಇರಲಿಲ್ಲ. ಇದನ್ನು ಬರೆದು ಪ್ರತಿಭಟಿಸಿದವರಲ್ಲಿ ಟಿಂಡಲ್ ಮುಂದಿನ ಸಾಲಿನಲ್ಲಿದ್ದರು. 1843ರಲ್ಲಿ ಕೆಲಸ ಹೋಯಿತು.

ಆಗ ಇಂಗ್ಲೆಂಡಿಗೆ ರೈಲಿನ ಹುಚ್ಚು ಹಿಡಿದಿತ್ತು. ಊರೂರಿಗೆ ಕಂಪನಿ, ಊರೂರಿಗೆ ಹಳಿಯ ನಕ್ಷೆ. ಸರ್ವೆ ಗೊತ್ತಿದ್ದವರಿಗೆ ಒಳ್ಳೆ ಬೇಡಿಕೆ. ಟಿಂಡಲ್ ಮೂರು ವರ್ಷ ಈ ಕೆಲಸದಲ್ಲಿದ್ದರು. 1845ರ ನವೆಂಬರ್ 30ರೊಳಗೆ ನಕ್ಷೆಗಳನ್ನು ಸರ್ಕಾರಕ್ಕೆ ಸಲ್ಲಿಸಬೇಕು ಅಂತ ಗಡುವು ಇತ್ತು. ಆ ದಿನಗಳಲ್ಲಿ ಸರ್ವೆಯವರು ನಿದ್ದೆಗೆಟ್ಟು ಗೀಟು ಎಳೆದದ್ದನ್ನು ಓದುವಾಗ ನಮಗೆ ಡ್ರಾಯಿಂಗ್ ಶೀಟ್ ಸಬ್ಮಿಷನ್ನಿನ ಹಿಂದಿನ ರಾತ್ರಿ ನೆನಪಾಗದೆ ಇರಲಿಲ್ಲ. ಆಮೇಲೆ ರೈಲಿನ ಹುಚ್ಚು ಇಳಿಯಿತು, ಷೇರು ಬಿತ್ತು. ಟಿಂಡಲ್ 1847ರಲ್ಲಿ ಹ್ಯಾಂಪ್‌ಶೈರಿನ ಕ್ವೀನ್‌ವುಡ್ ಕಾಲೇಜಿಗೆ ಗಣಿತ ಮತ್ತು ಸರ್ವೆ ಕಲಿಸಲು ಸೇರಿದರು. ಅಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ ಜೊತೆ ಸ್ನೇಹ ಆಯಿತು. ಇಬ್ಬರಿಗೂ ತಾವು ಕಲಿತದ್ದು ಸಾಲದು ಅಂತ ಅನಿಸಿತ್ತು. 1848ರಲ್ಲಿ ಇಬ್ಬರೂ ಜರ್ಮನಿಯ ಮಾರ್ಬುರ್ಗ್‌ಗೆ ಹೊರಟರು.

ಆಗ ಟಿಂಡಲ್‌ಗೆ ಇಪ್ಪತ್ತೆಂಟು. ಕೆಲಸ ಬಿಟ್ಟು, ಕೂಡಿಟ್ಟ ದುಡ್ಡು ಹಿಡಿದು, ಗೊತ್ತಿಲ್ಲದ ಭಾಷೆಯ ಊರಿಗೆ ಓದಲು ಹೋಗುವುದು. ನಮ್ಮಲ್ಲಿ ಈ ವಯಸ್ಸಿಗೆ ಮನೆಯವರು ಮದುವೆ ಮಾತು ತೆಗೆಯುತ್ತಾರೆ, ಓದಿನ ಮಾತನ್ನಲ್ಲ. ಕೆಮಿಸ್ಟ್ರಿ ಲ್ಯಾಬಿನ ಬರ್ನರ್‌ನಿಂದ ನಮಗೆಲ್ಲ ಪರಿಚಯವಿರುವ ಬುನ್ಸೆನ್ ಅಲ್ಲಿ ಅವರಿಗೆ ಗುರು. ಎರಡು ವರ್ಷ ತುಂಬುವ ಮೊದಲೇ ಡಾಕ್ಟರೇಟ್ ಮುಗಿಸಿದರು. ಅದು ಸ್ಕ್ರೂ ಆಕಾರದ ಮೇಲ್ಮೈಗಳ ಗಣಿತದ ಮೇಲೆ. ಊರಿಗೆ ಬಂದರೆ ಕೆಲಸ ಇಲ್ಲ. ಟೊರಾಂಟೊ, ಸಿಡ್ನಿ, ಐರ್ಲೆಂಡ್ ಅಂತ ಹಾಕಿದ ಅರ್ಜಿ ಒಂದೂ ಫಲಿಸಲಿಲ್ಲ. ಮತ್ತೆ ಅದೇ ಕ್ವೀನ್‌ವುಡ್. 1853ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಒಂದು ಶುಕ್ರವಾರ ಸಂಜೆ ಉಪನ್ಯಾಸ ಕೊಡುವ ಅವಕಾಶ ಬಂತು. ಜನ ಮೆಚ್ಚಿದರು. ಅದೇ ವರ್ಷ ಅಲ್ಲೇ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಮೈಕೆಲ್ ಫ್ಯಾರಡೆ ಇದ್ದ ಕಟ್ಟಡ ಅದು. ಬಡತನದಿಂದ ಬಂದ ಫ್ಯಾರಡೆಗೂ ಈ ಕಾನ್‌ಸ್ಟೇಬಲ್ ಮಗನಿಗೂ ಚೆನ್ನಾಗಿ ಹೊಂದಿಕೆಯಾಯಿತು.

ಇನ್ನು ಬಿಸಿಯ ವಿಷಯ. ಟಿಂಡಲ್ 1856ರಲ್ಲಿ ಆಲ್ಪ್ಸ್‌ಗೆ ಹೋಗಿ ಹಿಮನದಿಗಳನ್ನು ನೋಡಿದರು. ಆ ಮಂಜುಗಡ್ಡೆ ಹೇಗೆ ಹರಿಯುತ್ತದೆ, ಹೇಗೆ ಕರಗುತ್ತದೆ ಎಂಬ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂತು: ಸೂರ್ಯನ ಶಾಖ ಗಾಳಿಯನ್ನು ದಾಟಿ ಬರುವ ಬಗೆ ಏನು, ನೆಲದ ಶಾಖ ಅದೇ ಗಾಳಿಯನ್ನು ದಾಟಿ ಹೋಗುವ ಬಗೆ ಏನು?

ಪ್ರಶ್ನೆ ಹೊಸದಲ್ಲ. ಸಿಗ್ನಲ್ಸ್ ಪೇಪರಿನಲ್ಲಿ ನಮ್ಮನ್ನು ಗೋಳುಹೊಯ್ದುಕೊಳ್ಳುವ ಫೋರಿಯರ್ 1824ರಲ್ಲೇ ಇದರ ಬಗ್ಗೆ ಬರೆದಿದ್ದರು. ಬರುವ ಬೆಳಕಿಗೆ ಗಾಳಿ ಸುಲಭವಾಗಿ ದಾರಿ ಕೊಡುತ್ತದೆ, ನೆಲದಿಂದ ಹೊರಡುವ ಕಣ್ಣಿಗೆ ಕಾಣದ ಶಾಖಕ್ಕೆ ಅಷ್ಟು ಸುಲಭವಾಗಿ ಕೊಡುವುದಿಲ್ಲ ಎಂಬುದು ಅವರ ಊಹೆ. ಅದಕ್ಕೆ ಅವರು ನೆನೆದದ್ದು ಸ್ವಿಸ್ ವಿಜ್ಞಾನಿ ಸೊಸ್ಯೂರ್ ಅವರ ಪೆಟ್ಟಿಗೆಯನ್ನು. ಒಳಗೆ ಕಪ್ಪು, ಮೇಲೆ ಒಂದರ ಮೇಲೊಂದು ಗಾಜು. ಬಿಸಿಲಿಗಿಟ್ಟರೆ ಒಳಗೆ ನೀರು ಕುದಿಯುವ ಬಿಸಿಯನ್ನೂ ದಾಟುತ್ತಿತ್ತು. ಊಹೆ ಚೆನ್ನಾಗಿತ್ತು, ಅಳತೆ ಇರಲಿಲ್ಲ. ಅನಿಲ ಶಾಖವನ್ನು ಹೀರುವುದು ಅಷ್ಟು ಸೂಕ್ಷ್ಮ ಸಂಗತಿ, ಅಲ್ಲಿಯವರೆಗೆ ಅದನ್ನು ಹಿಡಿಯಬಲ್ಲ ಉಪಕರಣವೇ ಇರಲಿಲ್ಲ.

ಟಿಂಡಲ್ ಕಟ್ಟಿದ ಉಪಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇನ್‌ಸ್ಟ್ರುಮೆಂಟೇಷನ್ ಓದುವವರಿಗೆ ಇದು ಹಬ್ಬ. ಸುಮಾರು ನಾಲ್ಕು ಅಡಿ ಉದ್ದದ ಹಿತ್ತಾಳೆ ಕೊಳವೆ. ಒಂದು ತುದಿಯಲ್ಲಿ ಕುದಿನೀರು ತುಂಬಿದ ಲೋಹದ ಡಬ್ಬಿ, ಅದು ಶಾಖದ ಮೂಲ. ಇನ್ನೊಂದು ತುದಿಯಲ್ಲಿ ಥರ್ಮೋಪೈಲ್, ಅಂದರೆ ಶಾಖ ಬಿದ್ದರೆ ಸಣ್ಣ ಕರೆಂಟ್ ಹುಟ್ಟಿಸುವ ಲೋಹದ ಜೋಡಿಗಳ ಕಟ್ಟು. ಅದಕ್ಕೆ ಗ್ಯಾಲ್ವನೋಮೀಟರ್. ಕೊಳವೆಯಿಂದ ಗಾಳಿ ತೆಗೆದು ಬೇಕಾದ ಅನಿಲ ತುಂಬುವುದು, ಮುಳ್ಳು ಎಷ್ಟು ಸರಿಯುತ್ತದೆ ನೋಡುವುದು. ಹೇಳಲು ಇಷ್ಟೇ.

ತೊಂದರೆ ಶುರುವಾಗುವುದು ಕೊಳವೆಯ ಬಾಯಿ ಮುಚ್ಚುವಲ್ಲಿ. ಗಾಜು ಹಾಕುವಂತಿಲ್ಲ, ಯಾಕೆಂದರೆ ಕುದಿನೀರಿನ ಡಬ್ಬಿಯಿಂದ ಬರುವ ಕತ್ತಲ ಶಾಖವನ್ನು, ಇಂದು ನಾವು ಇನ್‌ಫ್ರಾರೆಡ್ ಅನ್ನುವುದನ್ನು, ಗಾಜು ತಾನೇ ತಡೆದುಬಿಡುತ್ತದೆ. ಅದಕ್ಕೆ ಅವರು ಹಾಕಿದ್ದು ಸೈಂಧವ ಲವಣದ ಫಲಕ. ಹೌದು, ಅಡುಗೆಮನೆಯ ಅದೇ ಉಪ್ಪು, ಆದರೆ ದೊಡ್ಡ ಹರಳಿನಿಂದ ಕೊಯ್ದು ನುಣುಪು ಮಾಡಿದ್ದು. ಉಪ್ಪು ಈ ಕಿರಣಕ್ಕೆ ಕಿಟಕಿಯ ಹಾಗೆ. ಎರಡನೇ ತೊಂದರೆ: ಶಾಖದ ಹೊಳೆಯೇ ಹರಿಯುತ್ತಿರುವಾಗ ಅದರಲ್ಲಿ ಆಗುವ ಒಂದು ಹನಿ ವ್ಯತ್ಯಾಸ ಮುಳ್ಳಿಗೆ ತಿಳಿಯುವುದು ಹೇಗೆ? ಅದಕ್ಕೆ ಥರ್ಮೋಪೈಲಿನ ಹಿಂದಿನ ಮುಖಕ್ಕೆ ಇನ್ನೊಂದು ಕುದಿನೀರಿನ ಡಬ್ಬಿ ಇಟ್ಟು, ಎರಡೂ ಕಡೆಯ ಶಾಖವನ್ನು ಸರಿತೂಗಿಸಿ ಮುಳ್ಳನ್ನು ಸೊನ್ನೆಗೆ ತಂದರು. ಈಗ ಅನಿಲ ಚೂರು ಶಾಖ ಹೀರಿದರೂ ತಕ್ಕಡಿ ವಾಲುತ್ತದೆ. ವೀಟ್‌ಸ್ಟನ್ ಬ್ರಿಜ್ ಮಾಡಿದವರಿಗೆ ಈ ಉಪಾಯದ ರುಚಿ ಗೊತ್ತು.

ಮೂರನೆಯದು ನಮಗೆ ತುಂಬ ಇಷ್ಟವಾದದ್ದು. ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತಿರಲಿಲ್ಲ. ಗ್ಯಾಲ್ವನೋಮೀಟರಿನ ತಾಮ್ರದ ತಂತಿಯೇ ಏನೋ ಅಯಸ್ಕಾಂತದ ಹಾಗೆ ಎಳೆಯುತ್ತಿತ್ತು. ಹುಡುಕಿ ಹುಡುಕಿ ನೋಡಿದರೆ, ತಂತಿಗೆ ಸುತ್ತಿದ್ದ ಹಸಿರು ರೇಷ್ಮೆಯ ಬಣ್ಣದಲ್ಲಿ ಕಬ್ಬಿಣದ ಅಂಶ ಇತ್ತು! ಹಸಿರು ರೇಷ್ಮೆ ತೆಗೆದು ಬಿಳಿ ರೇಷ್ಮೆ ಸುತ್ತಿಸಿದ ಮೇಲೆ ಮುಳ್ಳು ಸುಮ್ಮನಾಯಿತು.

1859ರ ಮೇ ತಿಂಗಳಲ್ಲಿ ಫಲಿತಾಂಶ ಬಂತು. ಒಣಗಿಸಿ ಶುದ್ಧ ಮಾಡಿದ ಗಾಳಿ ಹೆಚ್ಚುಕಡಿಮೆ ಖಾಲಿ ಕೊಳವೆಯ ಹಾಗೆ, ಶಾಖವನ್ನು ಬಿಟ್ಟುಬಿಡುತ್ತದೆ. ಆಕ್ಸಿಜನ್, ನೈಟ್ರೋಜನ್, ಹೈಡ್ರೋಜನ್ ಎಲ್ಲ ಹಾಗೆಯೇ. ಆದರೆ ಬೀದಿದೀಪಕ್ಕೆ ಬಳಸುತ್ತಿದ್ದ ಕಲ್ಲಿದ್ದಲಿನ ಅನಿಲ ತುಂಬಿದರೆ ಮುಳ್ಳು ಹಾರುತ್ತಿತ್ತು. ಎಥಿಲೀನ್, ಈಥರ್ ಆವಿ, ಇಂಗಾಲದ ಡೈಆಕ್ಸೈಡ್, ನೀರಾವಿ, ಇವೆಲ್ಲ ಶಾಖವನ್ನು ಹೀರುವಂಥವು. ಒಳ್ಳೆಯದಾಗಿ ಹೀರುವ ಅನಿಲ ಒಳ್ಳೆಯದಾಗಿ ಹೊರಸೂಸುತ್ತದೆ ಎಂಬುದನ್ನೂ ಅವರು ಅಳೆದು ತೋರಿಸಿದರು. ಎಲ್ಲವೂ ಕಣ್ಣಿಗೆ ಒಂದೇ ಥರ, ಬಣ್ಣವಿಲ್ಲದ್ದು. ಬೆಳಕಿಗೆ ಬಯಲು, ಶಾಖಕ್ಕೆ ಬೇಲಿ. ಜೂನ್ 10ರ ಶುಕ್ರವಾರ ರಾಜಕುಮಾರ ಆಲ್ಬರ್ಟ್ ಅಧ್ಯಕ್ಷತೆಯಲ್ಲಿ ಇದನ್ನು ಸಭಿಕರ ಮುಂದೆ ಮಾಡಿ ತೋರಿಸಿದರು. 1861ರ ಫೆಬ್ರವರಿಯಲ್ಲಿ ರಾಯಲ್ ಸೊಸೈಟಿಯಲ್ಲಿ ಪೂರ್ತಿ ವಿವರ ಮಂಡಿಸಿದರು.

ಕಾರಣ ಗೊತ್ತಾದದ್ದು ಬಹಳ ಆಮೇಲೆ. ಒಣ ಗಾಳಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಭಾಗ ನೈಟ್ರೋಜನ್ ಮತ್ತು ಆಕ್ಸಿಜನ್. ಎರಡೂ ಒಂದೇ ಥರದ ಎರಡು ಪರಮಾಣುಗಳ ಜೋಡಿ. ಅದು ಎಷ್ಟೇ ಅಲುಗಿದರೂ ಎರಡು ತುದಿ ಸಮವೇ, ಹಾಗಾಗಿ ಇನ್‌ಫ್ರಾರೆಡ್ ಅಲೆಗೆ ಹಿಡಿದುಕೊಳ್ಳಲು ಹಿಡಿಕೆಯೇ ಇಲ್ಲ. ನೀರಾವಿ, ಇಂಗಾಲದ ಡೈಆಕ್ಸೈಡ್ ಅಣುಗಳು ಬಾಗುತ್ತವೆ, ಬಳುಕುತ್ತವೆ. ಹಾಗೆ ಬಳುಕುವಾಗ ಅವುಗಳ ವಿದ್ಯುದಂಶ ಒಂದು ಕಡೆಗೆ ವಾಲುತ್ತದೆ, ಅಲೆ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ತಾನು ಕಂಡದ್ದನ್ನು ವಿವರಿಸಲು ಟಿಂಡಲ್ ಒಂದು ಹೋಲಿಕೆ ಕೊಟ್ಟರು. ನದಿಗೆ ಅಡ್ಡ ಕಟ್ಟೆ ಹಾಕಿದರೆ ಅಲ್ಲಿ ನೀರಿನ ಆಳ ಹೆಚ್ಚುವ ಹಾಗೆ, ನೆಲದಿಂದ ಹೊರಡುವ ಶಾಖಕ್ಕೆ ಗಾಳಿ ಅಡ್ಡ ನಿಂತು ನೆಲದ ಬಳಿ ಬಿಸಿ ಹೆಚ್ಚಿಸುತ್ತದೆ ಅಂತ. ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆ ಹೋಲಿಕೆ ಬೇಕಾ? ಮಳೆಗಾಲ ಮುಗಿದ ಮೇಲೆ ತೋಡಿಗೆ ಕಟ್ಟ ಕಟ್ಟುವುದನ್ನು ನೋಡಿದವರಿಗೆ ಬಿಡಿಸಿ ಹೇಳುವುದೇ ಬೇಡ. ಕಟ್ಟ ಹಾಕಿದ ಮಾತ್ರಕ್ಕೆ ನೀರು ಶಾಶ್ವತವಾಗಿ ನಿಲ್ಲುವುದಿಲ್ಲ. ಹಿಂದೆ ನೀರು ಏರುತ್ತದೆ, ಏರಿ ಏರಿ ಕಟ್ಟದ ಮೇಲಿನಿಂದ ಹರಿಯಲು ಶುರುವಾಗುತ್ತದೆ. ಆಮೇಲೆ ಬಂದಷ್ಟೇ ನೀರು ಹೋಗುತ್ತದೆ. ಆದರೆ ಮಟ್ಟ ಮಾತ್ರ ಮೇಲೆಯೇ ಉಳಿಯುತ್ತದೆ. ಭೂಮಿಯೂ ಹೀಗೆ. ಶಾಖ ಬಂಧಿಯಾಗಿರುವುದಿಲ್ಲ. ಬಂದಷ್ಟೂ ಕೊನೆಗೆ ಹೊರಗೆ ಹೋಗಲೇಬೇಕು, ಆದರೆ ಅದಕ್ಕಾಗಿ ನೆಲ ಮೊದಲಿಗಿಂತ ಹೆಚ್ಚು ಬಿಸಿಯಾಗಬೇಕು. ಈ ಕಟ್ಟ ಇಲ್ಲದಿದ್ದರೆ ಭೂಮಿಯ ಸರಾಸರಿ ತಾಪಮಾನ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗಿರುತ್ತಿತ್ತು. ಇರುವುದು ಸುಮಾರು 15 ಡಿಗ್ರಿ. ಬದುಕಿದ್ದೇವೆ ಅಂದರೆ ಕಟ್ಟದಿಂದ. ಕಟ್ಟವನ್ನು ಇನ್ನೂ ಎತ್ತರಿಸುತ್ತಾ ಹೋದರೆ ಎಂಬುದು ಬೇರೆ ಮಾತು.

ಕಪ್ಪು ಭೂತಕಾಲದ ಹವಾಮಾನಕ್ಕೂ ಇದಕ್ಕೂ ಸಂಬಂಧ ಇರಬಹುದು, ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆಯಾದದ್ದೇ ಹಿಂದಿನ ಹವಾಮಾನ ಬದಲಾವಣೆಗಳಿಗೆ ಕಾರಣವಾಗಿರಬಹುದು ಎಂದೂ ಟಿಂಡಲ್ ಆಗಲೇ ಸೂಚಿಸಿದ್ದರು. ಅವರ ಕಾಲಕ್ಕೆ ಸ್ವಲ್ಪ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. ಈಗ 420 ದಾಟಿದೆ. ಕಾಪು ತಾಲೂಕಿನ ಎಲ್ಲೂರಿನಲ್ಲಿ 1200 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಉಂಟಲ್ಲ, ಅದರ ಚಿಮಣಿ ಹೆದ್ದಾರಿಯಿಂದಲೇ ಕಾಣುತ್ತದೆ. ಕಣ್ಣಿಗೆ ಕಾಣುವ ಹೊಗೆಯ ಬಗ್ಗೆ ನಾವೆಲ್ಲ ಮಾತಾಡುತ್ತೇವೆ. ಟಿಂಡಲ್ ಅಳೆದದ್ದು ಕಣ್ಣಿಗೆ ಕಾಣದ್ದನ್ನು. ಈ ಲೇಖನ ಟೈಪ್ ಮಾಡಿದ ಲ್ಯಾಪ್‌ಟಾಪ್ ಓಡುವುದೂ ಕರೆಂಟಿನಿಂದಲೇ, ಹಾಗಾಗಿ ಬೆರಳು ತೋರಿಸಿ ಹೊರಗೆ ನಿಲ್ಲುವ ಹಾಗಿಲ್ಲ.

ಇಲ್ಲಿ ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1856ರಲ್ಲೇ, ಅಂದರೆ ಟಿಂಡಲ್‌ಗಿಂತ ಮೂರು ವರ್ಷ ಮೊದಲು, ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು ನೋಡಿದ್ದರು. ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆ ಎಲ್ಲಕ್ಕಿಂತ ಬಿಸಿಯಾಯಿತು, ಒಣ ಗಾಳಿಗಿಂತ ತೇವದ ಗಾಳಿ ಹೆಚ್ಚು ಬಿಸಿಯಾಯಿತು. ಗಾಳಿಯಲ್ಲಿ ಈ ಅನಿಲ ಹೆಚ್ಚಿದ್ದ ಕಾಲದಲ್ಲಿ ಭೂಮಿ ಬೆಚ್ಚಗಿದ್ದಿರಬೇಕು ಎಂದೂ ಬರೆದರು. ಆಲ್ಬನಿಯ ವಿಜ್ಞಾನ ಸಮ್ಮೇಳನದಲ್ಲಿ ಆ ಪ್ರಬಂಧ ಓದಿದ್ದು ಅವರಲ್ಲ, ಜೋಸೆಫ್ ಹೆನ್ರಿ. ಟಿಂಡಲ್ ಅವರ 1861ರ ಪ್ರಬಂಧದಲ್ಲಿ ಫೂಟ್ ಹೆಸರಿಲ್ಲ. 2011ರಲ್ಲಿ ಒಬ್ಬ ನಿವೃತ್ತ ಭೂವಿಜ್ಞಾನಿ ಹಳೆ ಪುಸ್ತಕದಲ್ಲಿ ಕಂಡು ಬರೆಯುವವರೆಗೆ ಫೂಟ್ ಬಗ್ಗೆ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಅವರ ಪ್ರಯೋಗದಲ್ಲಿ ಸೂರ್ಯನ ಬೆಳಕನ್ನೂ ನೆಲದ ಕತ್ತಲ ಶಾಖವನ್ನೂ ಬೇರೆ ಮಾಡಿ ನೋಡುವ ದಾರಿ ಇರಲಿಲ್ಲ. ಆ ಬೇರ್ಪಡಿಸುವ ಕೆಲಸ ಟಿಂಡಲ್‌ದ್ದೇ. ಆದರೆ ಮೊದಲು ಬೆರಳಿಟ್ಟು ತೋರಿಸಿದವರು ಯಾರು ಅಂತ ಕೇಳಿದರೆ ಫೂಟ್ ಹೆಸರು ಹೇಳಬೇಕು ಎಂಬುದು ನಮ್ಮ ಬಳಗದ ಅಭಿಪ್ರಾಯ.

ಈಗ ಅಡಿಕೆ ಗೂಡಿನ ಲೆಕ್ಕ ಚುಕ್ತಾ ಮಾಡೋಣ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಗನ್ ನೆನಪುಂಟಲ್ಲ? ಅದರೊಳಗೆ ಇರುವುದು ಟಿಂಡಲ್ ಬಳಸಿದ ಥರ್ಮೋಪೈಲಿನ ಪುಟ್ಟ ಮೊಮ್ಮಗ. ಬಿಸಿನೀರು ತುಂಬಿದ ಪಾತ್ರೆಯ ಮುಂದೆ ಕಿಟಕಿಯ ಗಾಜನ್ನು ಅಡ್ಡ ಹಿಡಿದು, ಲ್ಯಾಬಿನಲ್ಲಿರುವ ಅಂಥದೇ ಗನ್ನಿನಿಂದ ನೋಡಿ. ಅದು ತೋರಿಸುವುದು ಗಾಜಿನ ತಾಪಮಾನ, ಪಾತ್ರೆಯದ್ದಲ್ಲ. ಗಾಜು ತೆಗೆದು ತೆಳ್ಳಗಿನ ಪಾಲಿಥೀನ್ ಹಾಳೆ ಹಿಡಿಯಿರಿ. ಈಗ ಪಾತ್ರೆಯ ಬಿಸಿಯ ಹತ್ತಿರ ಹತ್ತಿರ ಬರುತ್ತದೆ. ಅಂದರೆ ಪಾಲಿಥೀನ್ ಆ ಕಿರಣವನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ಹಾಗಾದರೆ ಪ್ಲಾಸ್ಟಿಕ್ ಗೂಡು ಬಿಸಿಯಾಗುವುದು ಎಂತಕ್ಕೆ?

ಗಾಳಿಯಿಂದ. ಬಯಲಿನಲ್ಲಿ ಬಿಸಿಲಿಗೆ ನೆಲ ಕಾಯುತ್ತದೆ, ನೆಲಕ್ಕೆ ತಾಗಿದ ಗಾಳಿ ಕಾದು ಹಗುರಾಗಿ ಮೇಲೆ ಹೋಗುತ್ತದೆ, ಆ ಜಾಗಕ್ಕೆ ತಣ್ಣನೆ ಗಾಳಿ ಬರುತ್ತದೆ. ಗೂಡಿನೊಳಗೆ ಕಾದ ಗಾಳಿಗೆ ಹೋಗಲು ದಾರಿ ಇಲ್ಲ. ಅಷ್ಟೇ. ಬಾಗಿಲನ್ನೂ ಮಾಡಿನ ಕಂಡಿಯನ್ನೂ ತೆರೆದರೆ ಬಿಸಿ ಇಳಿಯುವುದನ್ನು ಅಡಿಕೆಯವರು ದಿನಾ ನೋಡುತ್ತಾರೆ. ಕಂಡಿ ಪೂರ್ತಿ ಮುಚ್ಚಿಟ್ಟರೂ ಆಗದು, ಅಡಿಕೆಯಿಂದ ಹೊರಟ ತೇವ ಒಳಗೇ ಹನಿಯಾಗಿ ನಿಂತು ಬೂಸಲು ಬರುತ್ತದೆ. 1909ರಲ್ಲಿ ಅಮೆರಿಕದ ಆರ್. ಡಬ್ಲ್ಯು. ವುಡ್ ಎರಡು ಪೆಟ್ಟಿಗೆ ಮಾಡಿ, ಒಂದಕ್ಕೆ ಗಾಜು, ಇನ್ನೊಂದಕ್ಕೆ ಟಿಂಡಲ್ ಬಳಸಿದಂಥ ಸೈಂಧವ ಲವಣದ ಫಲಕ ಹಾಕಿ ಬಿಸಿಲಿಗಿಟ್ಟರು. ಬಿಸಿಲನ್ನೂ ಮೊದಲು ಒಂದು ಗಾಜಿನ ಮೂಲಕ ಹಾಯಿಸಿದಾಗ ಎರಡರ ಬಿಸಿಯೂ ಹೆಚ್ಚುಕಡಿಮೆ ಒಂದೇ ಆಯಿತು. ಗಾಜು ಕಿರಣ ತಡೆಯುವುದು ಹೌದು, ಆದರೆ ಗಾಜಿನ ಮನೆಯ ಬಿಸಿಯಲ್ಲಿ ಅದರ ಪಾಲು ಸಣ್ಣದು, ಗಾಳಿಯನ್ನು ಕೂಡಿಹಾಕುವುದರ ಪಾಲು ದೊಡ್ಡದು. ಹವೆಯ ವಿಷಯದಲ್ಲಿ ಇದು ತಿರುಗಾಮುರುಗಾ. ಅಲ್ಲಿ ಗಾಳಿ ಧಾರಾಳವಾಗಿ ಏರುತ್ತದೆ, ತಡೆ ಇರುವುದು ಕಿರಣಕ್ಕೆ. ಹಸಿರುಮನೆ ಎಂಬ ಹೆಸರು ಇದಕ್ಕೆ ಗಟ್ಟಿಯಾಗಿ ಅಂಟಿಕೊಂಡದ್ದು ಟಿಂಡಲ್ ತೀರಿಹೋದ ಮೇಲೆ. ಅವರ ಕಟ್ಟೆಯ ಹೋಲಿಕೆಯೇ ಉಳಿದಿದ್ದರೆ ಒಳ್ಳೆಯದಿತ್ತು.

ಅವರ ಇನ್ನೊಂದು ಹೋಲಿಕೆ ಕಂಬಳಿ. ನೀರಾವಿ ಇಂಗ್ಲೆಂಡಿನ ಗಿಡಮರಗಳಿಗೆ ಬಟ್ಟೆಗಿಂತ ಹೆಚ್ಚು ಅಗತ್ಯವಾದ ಹೊದಿಕೆ, ಒಂದೇ ಒಂದು ಬೇಸಿಗೆ ರಾತ್ರಿ ಅದನ್ನು ಗಾಳಿಯಿಂದ ತೆಗೆದುಬಿಟ್ಟರೂ ಗಿಡಗಳೆಲ್ಲ ಹಿಮಕ್ಕೆ ಸಾಯುತ್ತವೆ ಎಂಬ ಅರ್ಥದಲ್ಲಿ ಅವರು ಬರೆದಿದ್ದರು. ಏಪ್ರಿಲ್‌ನಲ್ಲಿ ಮಣಿಪಾಲ, ಉಡುಪಿಯ ಹಾಸ್ಟೆಲುಗಳಲ್ಲಿ ಮಲಗುವವರಿಗೆ ಈ ಕಂಬಳಿಯ ಪರಿಚಯ ಚೆನ್ನಾಗಿ ಉಂಟು. ಸೂರ್ಯ ಮುಳುಗಿ ಎಷ್ಟು ಹೊತ್ತಾದರೂ ಸೆಕೆ ಬಿಡುವುದಿಲ್ಲ ಮಾರಾಯ್ರೆ! ಹತ್ತಿರದ ಸಮುದ್ರ ತಾನೇ ನಿಧಾನ ತಣಿಯುತ್ತದೆ, ಬೆವರು ಆರುವುದಿಲ್ಲ, ಅವೆಲ್ಲ ಇದ್ದದ್ದೇ. ಜೊತೆಗೆ ನೆಲ ರಾತ್ರಿ ಆಕಾಶಕ್ಕೆ ಸೂಸುವ ಶಾಖವನ್ನು ತಲೆಯ ಮೇಲಿನ ನೀರಾವಿ ಹೀರಿ, ಒಂದು ಪಾಲನ್ನು ವಾಪಸು ಕೆಳಕ್ಕೆ ಕಳಿಸುತ್ತದೆ. ಒಣ ಹವೆಯ ಬೀದರ್, ಕಲಬುರಗಿ ಕಡೆಯಿಂದ ಬಂದ ಗೆಳೆಯರು ಅಲ್ಲಿ ಚಳಿಗಾಲದಲ್ಲಿ ಹಗಲಿಗೂ ರಾತ್ರಿಗೂ ಇರುವ ಅಂತರ ಹೇಳಿದರೆ ನಮ್ಮ ಕರಾವಳಿಯವರು ನಂಬುವುದೇ ಇಲ್ಲ.

ಟಿಂಡಲ್ ಬದುಕು ಇಷ್ಟಕ್ಕೇ ಮುಗಿಯಲಿಲ್ಲ. ಪ್ರಬಂಧ ಮಂಡಿಸಿದ ಅದೇ 1861ರ ಆಗಸ್ಟ್ 19ರಂದು ಆಲ್ಪ್ಸ್‌ನ ವೈಸ್‌ಹಾರ್ನ್ ಶಿಖರವನ್ನು ಮೊತ್ತಮೊದಲು ಏರಿದ ಮೂವರಲ್ಲಿ ಅವರೊಬ್ಬರು. ಧೂಳಿನಲ್ಲಿ ಬೆಳಕು ಚದುರುವುದನ್ನು ಶೋಧಿಸಿ, ಆಕಾಶದ ನೀಲಿಗೆ ಕಾರಣ ಹುಡುಕಿದರು. ಮಂಜಿನ ಬೆಳಗ್ಗೆ ಕಾರ್ಕಳದ ಮರಗಳ ನಡುವೆ ಕೋಲು ಕೋಲಾಗಿ ಇಳಿಯುವ ಬಿಸಿಲು ಈಗಲೂ ಪಠ್ಯದಲ್ಲಿ ಅವರ ಹೆಸರಿನದೇ. ಆ ದಾರಿಯಲ್ಲಿ ಆಮೇಲೆ ರ್‍ಯಾಲೆ ಬಂದರು, ಸಮುದ್ರದ ನೀಲಿಯ ಹಿಂದೆ ಬಿದ್ದ ನಮ್ಮ ಸಿ. ವಿ. ರಾಮನ್ ಬಂದರು. ಧೂಳಿಲ್ಲದ ಪೆಟ್ಟಿಗೆಯಲ್ಲಿಟ್ಟ ಸಾರು ಕೆಡುವುದಿಲ್ಲ ಅಂತ ತೋರಿಸಿ ಪಾಸ್ಟರ್ ಪಕ್ಷ ಹಿಡಿದರು. ಒಂದೇ ಸಲ ಕುದಿಸಿದರೆ ಸಾಯದ ಜೀವಾಣುಗಳನ್ನು ಬಿಟ್ಟು ಬಿಟ್ಟು ಕುದಿಸಿ ಕೊಲ್ಲುವ ವಿಧಾನವೂ ಅವರದ್ದೇ.

ಕಾಪು ಬೀಚಿಗೆ ಹೋದವರೆಲ್ಲ 1901ರ ದೀಪಸ್ತಂಭದ ಮುಂದೆ ಸೆಲ್ಫಿ ತೆಗೆಯುತ್ತಾರೆ. ಅಂಥ ದೀಪಸ್ತಂಭಗಳಿಗೂ ಟಿಂಡಲ್‌ಗೂ ನಂಟು ಉಂಟು. ಇಂಗ್ಲೆಂಡಿನ ದೀಪಸ್ತಂಭಗಳನ್ನು ನೋಡಿಕೊಳ್ಳುವ ಟ್ರಿನಿಟಿ ಹೌಸ್‌ಗೆ ಫ್ಯಾರಡೆಯ ನಂತರ ಅವರೇ ವಿಜ್ಞಾನ ಸಲಹೆಗಾರ. ದೀಪಕ್ಕೆ ಎಣ್ಣೆಯೋ ಅನಿಲವೋ ಎಂಬ ಜಗಳದಲ್ಲಿ, ಡಬ್ಲಿನ್ನಿನ ವಿಗಮ್ ಎಂಬ ಎಂಜಿನಿಯರ್ ಮಾಡಿದ ಅನಿಲದ ದೀಪಕ್ಕೆ ನ್ಯಾಯ ಸಿಗಲಿಲ್ಲ ಅಂತ ಅವರಿಗೆ ಅನಿಸಿತು. 1883ರಲ್ಲಿ ರಾಜೀನಾಮೆ ಬಿಸಾಕಿ ಬಂದರು. ಹಟದ ಮನುಷ್ಯ. ದುಡ್ಡಿನ ವಿಷಯದಲ್ಲಿ ಮಾತ್ರ ಕೈ ಬಿಗಿ ಅಲ್ಲ. 1872-73ರಲ್ಲಿ ಅಮೆರಿಕದಲ್ಲಿ ಉಪನ್ಯಾಸ ಮಾಡಿ ಉಳಿಸಿದ ಸುಮಾರು 13,000 ಡಾಲರನ್ನು ಅಲ್ಲಿನ ವಿಜ್ಞಾನ ವಿದ್ಯಾರ್ಥಿಗಳಿಗೇ ಬಿಟ್ಟು ಬಂದರು.

ಎಲ್ಲವನ್ನೂ ಹೊಗಳಲು ಆಗುವುದಿಲ್ಲ. 1865ರಲ್ಲಿ ಜಮೈಕಾದಲ್ಲಿ ಕಪ್ಪು ಜನರ ದಂಗೆಯನ್ನು ನೂರಾರು ಜನರನ್ನು ಕೊಂದು ಅಡಗಿಸಿದ ಗವರ್ನರ್ ಐರ್ ಪರವಾಗಿ ಟಿಂಡಲ್ ನಿಂತರು. ಆಪ್ತ ಸ್ನೇಹಿತ ಹಕ್ಸ್‌ಲಿ, ಡಾರ್ವಿನ್ ಎದುರು ಪಕ್ಷದಲ್ಲಿದ್ದರು. ಸಂಬಳ ಕೇಳಿ ಕೆಲಸ ಕಳೆದುಕೊಂಡ ಐರಿಷ್ ಹುಡುಗ ದೊಡ್ಡವನಾದ ಮೇಲೆ ಐರ್ಲೆಂಡಿನ ಸ್ವಯಂಆಡಳಿತವನ್ನೂ ವಿರೋಧಿಸಿದರು. ವಸಾಹತು ಆಗಿದ್ದ ದೇಶದಲ್ಲಿ ಕೂತು ಓದುವ ನಮಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

1876ರಲ್ಲಿ, ಐವತ್ತೈದನೇ ವಯಸ್ಸಿನಲ್ಲಿ, ಲೂಯಿಸಾ ಹ್ಯಾಮಿಲ್ಟನ್ ಅವರನ್ನು ಮದುವೆಯಾದರು. ಆಕೆ ಸುಮಾರು ಇಪ್ಪತ್ತೈದು ವರ್ಷ ಚಿಕ್ಕವರು. ಪ್ರಯೋಗ, ಬರವಣಿಗೆ, ಬೆಟ್ಟ ಎಲ್ಲದರಲ್ಲೂ ಜೊತೆ. ನಿವೃತ್ತಿಯ ಹೊತ್ತಿಗೆ ಲಂಡನ್ನಿನಿಂದ ದೂರ ಹೈಂಡ್‌ಹೆಡ್ ಎಂಬ ಗುಡ್ಡದ ಮೇಲೆ ಮನೆ ಮಾಡಿದರು. ಪಕ್ಕದಲ್ಲಿ ಯಾರೋ ಕಟ್ಟಡ ಎಬ್ಬಿಸಿದ್ದಕ್ಕೆ, ಅದು ಕಣ್ಣಿಗೆ ಕಾಣಬಾರದು ಅಂತ ಭಾರೀ ಎತ್ತರದ ತಡಿಕೆ ನಿಲ್ಲಿಸಿ ಊರವರ ನಗೆಗೆ ಗುರಿಯಾದದ್ದೂ ಉಂಟು.

ಜೀವನವಿಡೀ ಅವರಿಗೆ ನಿದ್ದೆಯ ತೊಂದರೆ. ಕೊನೆಯ ವರ್ಷಗಳಲ್ಲಿ ರಾತ್ರಿ ನಿದ್ದೆಗೆ ಕ್ಲೋರಲ್, ಹೊಟ್ಟೆಗೆ ಮೆಗ್ನೀಷಿಯ. ಔಷಧಿ ಕೊಡುತ್ತಿದ್ದವರು ಲೂಯಿಸಾ. 1893ರ ಡಿಸೆಂಬರ್ 4ರ ಬೆಳಿಗ್ಗೆ ಮೆಗ್ನೀಷಿಯ ಎಂದುಕೊಂಡು ಆಕೆ ಕುಡಿಸಿದ್ದು ಕ್ಲೋರಲ್ ಆಗಿತ್ತು. ರುಚಿಯಿಂದಲೇ ಟಿಂಡಲ್‌ಗೆ ಗೊತ್ತಾಯಿತು. ವಾಂತಿ ಮಾಡಿಸಿದರು, ವೈದ್ಯರು ಬಂದರು, ಹೊಟ್ಟೆ ತೊಳೆದರು. ಸಂಜೆಯ ಹೊತ್ತಿಗೆ ತೀರಿಕೊಂಡರು. ವಿಚಾರಣೆ ನಡೆದು ಅದು ಆಕಸ್ಮಿಕ ಅಂತ ತೀರ್ಮಾನವಾಯಿತು.

ಲೂಯಿಸಾ ಆಮೇಲೆ ನಲವತ್ತಾರು ವರ್ಷ ಬದುಕಿದರು. ಗಂಡನ ಪತ್ರ, ದಿನಚರಿ, ಟಿಪ್ಪಣಿ ಎಲ್ಲವನ್ನೂ ಒಟ್ಟುಗೂಡಿಸಿ, ನಕಲು ಮಾಡಿ, ಜೋಡಿಸುತ್ತಾ ಹೋದರು. ಜೀವನಚರಿತ್ರೆ ಅವರ ಕೈಯಿಂದ ಮುಗಿಯಲೇ ಇಲ್ಲ, ಬೇರೆಯವರ ಕೈಯಿಂದ ಬರಲೂ ಅವರು ಇದ್ದಷ್ಟು ದಿನ ಆಗಲಿಲ್ಲ. ಅವರು 1940ರಲ್ಲಿ ತೀರಿಕೊಂಡರು. ಪುಸ್ತಕ 1945ರಲ್ಲಿ ಬಂತು. ಅಷ್ಟರಲ್ಲಿ ಟಿಂಡಲ್ ಅವರನ್ನು ಕಣ್ಣಾರೆ ಕಂಡವರು, ಅವರ ಉಪನ್ಯಾಸಕ್ಕೆ ಸೀಟು ಹಿಡಿಯಲು ನುಗ್ಗಿದವರು ಹೆಚ್ಚಿನವರು ಉಳಿದಿರಲಿಲ್ಲ.